ಹೆಸರು ಬದಲಾಗುವ ಹಡಗೂ ಹೆಸರು ಬದಲಾಗದ ನಾವಿಕನೂ

ನಮ್ಮ ಪತ್ರಿಕೆಯ ಹಳೆಯ ವಾಚಕರೂ ನಿವೃತ್ತ ಉಪಾಧ್ಯಾಯರೂ ಆದ ಕರಾವಳಿಯ ಮಹನೀಯರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮ ಕಚೇರಿಗೆ ದಯಮಾಡಿಸಿದ್ದರು. ಅವರ ಮಗನು ಕಚ್ಚಾ ತೈಲವನ್ನು ಸಾಗಿಸುವ ಟ್ಯಾಂಕರ್ ಹಡಗೊಂದರಲ್ಲಿ ಇಂಜಿನಿಯರನಾಗಿದ್ದಾನೆ. ಮಗನ ಹಡಗು ಭೂಪಟದಲ್ಲಿ ಎಲ್ಲಿದೆಯೆಂಬುದನ್ನು ಪ್ರತಿದಿನ ಮುಂಜಾನೆ ಕೈಯೊಳಗಿನ ದೂರವಾಣಿಯಲ್ಲಿ ನೋಡಿಕೊಳ್ಳುವುದು ಆ ತಂದೆಯ ನಿತ್ಯನೇಮ. ನಾಲ್ಕು ದಿನಗಳಿಂದ ಆ ಗುರುತು ಕದಲದೆ ನಿಂತಲ್ಲಿಯೇ ನಿಂತಿತ್ತು. "ಸ್ವಾಮೀ, ತಾವು ಪತ್ರಿಕೆಯವರು, ನಿಂತಿರುವುದು ಹಡಗೋ, ಹಡಗಿನ ಸುದ್ದಿಯೋ, ದಯವಿಟ್ಟು ತಿಳಿಸಬೇಕು" ಎಂದು ಅವರು ಕೇಳಿದರು. ವಿಚಾರಿಸಲಾಗಿ, ನಿಂತದ್ದು ಸುದ್ದಿಯೇ ಹೊರತು ಹಡಗಲ್ಲವೆಂದು ತಿಳಿದುಬಂತು. ಹಡಗು ದಡದ ಕಿವಿಗೆ ಕೇಳಿಸದಷ್ಟು ದೂರ ಸಾಗಿತ್ತು, ಅಷ್ಟೆ. ಆದರೆ ಆ ವೃದ್ಧರ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಸಮುದ್ರದ ಮೇಲಿನ ತೈಲದ ಹಡಗುಗಳನ್ನು ಇಂದು ಜಗತ್ತು ಹೇಗೆ ಹಿಂಬಾಲಿಸುತ್ತದೆ, ಆ ಸುದ್ದಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಸುದ್ದಿ ಸುಳ್ಳಾದಾಗ ನಷ್ಟ ಯಾರದು ಎಂಬುದನ್ನು ವಿಚಾರ ಮಾಡುವುದು ಅವಶ್ಯವೆಂದು ನಮಗೆ ತೋರಿತು.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ೮೫ ಪಾಲಿಗಿಂತಲೂ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಅದರಲ್ಲಿ ಬಹುತೇಕ ಎಲ್ಲವೂ ಹಡಗುಗಳ ಮೂಲಕವೇ ಬರತಕ್ಕದ್ದು. ಮಂಗಳೂರಿನ ಸಂಸ್ಕರಣಾಗಾರಕ್ಕೂ, ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ ೧೫ ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್ ಹಿಡಿಸುವಂತೆ ನೆಲದೊಳಗೆ ಬಂಡೆ ಕೊರೆದು ಮಾಡಿರುವ ತೈಲದ ಕಣಜಗಳಿಗೂ ಸಮುದ್ರವೇ ಹೆದ್ದಾರಿ. ಆದುದರಿಂದ ಈ ವಿಷಯವು ನಮಗೆ ಸಂಬಂಧಪಡದ ದೂರದೇಶದ ಕೌತುಕವೆಂದು ಯಾರೂ ಭಾವಿಸಲಾಗದು.

ಮೊದಲು ಯಂತ್ರದ ಮಾತು. ಅಂತರರಾಷ್ಟ್ರೀಯ ಸಂಚಾರದಲ್ಲಿರುವ ೩೦೦ ಟನ್ನೇಜು ಹಾಗೂ ಅದಕ್ಕೆ ಮೇಲ್ಪಟ್ಟ ಪ್ರತಿಯೊಂದು ಹಡಗಿನಲ್ಲಿಯೂ ಎ.ಐ.ಎಸ್. ಎಂಬ ಹೆಸರಿನ ರೇಡಿಯೋ ಸಾಧನವಿರಬೇಕೆಂಬ ನಿಯಮವು ೨೦೦೪ರ ಅಂತ್ಯದ ಹೊತ್ತಿಗೆ ಪೂರ್ಣವಾಗಿ ಜಾರಿಗೆ ಬಂತು. ಮಂಜಿನಲ್ಲಿಯೂ ಕತ್ತಲೆಯಲ್ಲಿಯೂ ಹಡಗಿಗೆ ಹಡಗು ಡಿಕ್ಕಿಯಾಗದಂತೆ ತಡೆಯುವುದೇ ಇದರ ಮೂಲ ಉದ್ದೇಶ. ಚಲಿಸುತ್ತಿರುವ ಹಡಗು ತನ್ನ ವೇಗಕ್ಕೆ ತಕ್ಕಂತೆ ೨ರಿಂದ ೧೦ ಸೆಕೆಂಡುಗಳಿಗೊಮ್ಮೆ, ಲಂಗರು ಹಾಕಿ ನಿಂತ ಹಡಗು ಮೂರು ನಿಮಿಷಗಳಿಗೊಮ್ಮೆ ತಾನಿರುವ ಸ್ಥಳವನ್ನು ಕೂಗಿ ಹೇಳುತ್ತದೆ. ಆರು ನಿಮಿಷಗಳಿಗೊಮ್ಮೆ ತನ್ನ ಹೆಸರು, ಸಂಖ್ಯೆ, ಉದ್ದಗಲ, ನೀರಿನಲ್ಲಿ ಮುಳುಗಿರುವ ಆಳ, ಹೋಗುತ್ತಿರುವ ಬಂದರು, ತಲಪುವ ವೇಳೆ ಇವನ್ನು ಸಾರುತ್ತದೆ. ಈ ಕೂಗು ದಡದ ಗೋಪುರಗಳಿಗೆ ಸಾಧಾರಣವಾಗಿ ೪೦ ನಾವಿಕ ಮೈಲಿಗಳಷ್ಟು ದೂರದಿಂದ ಕೇಳಿಸುವುದು. ಅದರಾಚೆಗಿನದನ್ನು ಆಕಾಶದಲ್ಲಿ ತಿರುಗುವ ಉಪಗ್ರಹಗಳು ಹಿಡಿಯುತ್ತವೆ. ನಮ್ಮ ಉಪಾಧ್ಯಾಯರು ನೋಡುತ್ತಿದ್ದುದು ದಡದ ಗೋಪುರಗಳ ಸುದ್ದಿಯನ್ನು ಮಾತ್ರ. ಉಪಗ್ರಹದ ಸುದ್ದಿಗೆ ಹಣ ತೆರಬೇಕು.

ಇಲ್ಲಿ ವಾಚಕರು ಗಮನಿಸತಕ್ಕ ಒಂದು ಸಂಗತಿಯಿದೆ. ಈ ಎಲ್ಲ ವಿವರಗಳು ಒಂದೇ ತೂಕದವಲ್ಲ. ಸ್ಥಳ, ವೇಗ, ದಿಕ್ಕುಗಳನ್ನು ಯಂತ್ರವೇ ತುಂಬುತ್ತದೆ. ಆದರೆ ಹೋಗುವ ಬಂದರಿನ ಹೆಸರನ್ನೂ ಮುಳುಗಿರುವ ಆಳವನ್ನೂ ಹಡಗಿನ ಅಧಿಕಾರಿಯು ತನ್ನ ಕೈಯಾರೆ ಒತ್ತಿ ತುಂಬತಕ್ಕದ್ದು. ಮರೆತರೆ ಹಳೆಯದೇ ಉಳಿಯುತ್ತದೆ. ಮನಸ್ಸು ಮಾಡಿದರೆ ಸುಳ್ಳನ್ನೂ ತುಂಬಬಹುದು. ಇನ್ನು ಯಂತ್ರವನ್ನೇ ಆರಿಸಿಬಿಟ್ಟರೆ ಹಡಗು ಪಟದಿಂದ ಮಾಯವಾಗುತ್ತದೆ. ಕಡಲುಗಳ್ಳರ ಭಯವಿದ್ದಾಗ ಕಪ್ತಾನನು ಹಾಗೆ ಆರಿಸುವುದಕ್ಕೆ ನಿಯಮವೇ ಅವಕಾಶ ಕೊಟ್ಟಿದೆ. ಆದರೆ ಈಚಿನ ವರ್ಷಗಳಲ್ಲಿ ಆ ಅವಕಾಶವನ್ನು ಕಳ್ಳರಿಗೆ ಹೆದರಿ ಬಳಸುವವರಿಗಿಂತ ಕಾನೂನಿಗೆ ಹೆದರಿ ಬಳಸುವವರ ಮಾತೇ ಹೆಚ್ಚಾಗಿ ಕೇಳಿಬರುತ್ತಿದೆ. ಕೆಲವರಂತೂ ಯಂತ್ರವನ್ನು ಆರಿಸುವ ಗೋಜಿಗೂ ಹೋಗದೆ, ತಾವು ಇಲ್ಲದ ಸ್ಥಳದಲ್ಲಿ ಇರುವಂತೆ ಸುಳ್ಳು ಸ್ಥಾನವನ್ನೇ ಪ್ರಸಾರ ಮಾಡುವ ವಿದ್ಯೆಯನ್ನು ಕಲಿತಿದ್ದಾರೆ.

ಹಾಗಾದರೆ ಹಡಗಿನ ವಿಷಯದಲ್ಲಿ ನಂಬತಕ್ಕದ್ದು ಯಾವುದು? ಹೆಸರಲ್ಲ, ಹೆಸರನ್ನು ಒಂದು ಡಬ್ಬಿ ಬಣ್ಣದಿಂದ ಬದಲಿಸಬಹುದು. ಬಾವುಟವೂ ಅಲ್ಲ, ಪನಾಮಾ, ಲೈಬೀರಿಯಾ ಮೊದಲಾದ ದೇಶಗಳ ಬಾವುಟವನ್ನು ಅಲ್ಲಿನ ನೆಲವನ್ನೇ ಕಾಣದ ಮಾಲೀಕನು ಶುಲ್ಕ ತೆತ್ತು ಪಡೆಯಬಲ್ಲನು. ರೇಡಿಯೋದ ಒಂಬತ್ತು ಅಂಕಿಯ ಗುರುತು ಸಹ ಬಾವುಟದೊಡನೆ ಬದಲಾಗುತ್ತದೆ. ಭಾರತದ ಹಡಗುಗಳಿಗೆ ಅದು ೪೧೯ ಎಂದು ಆರಂಭವಾದರೆ ಇರಾನಿನವಕ್ಕೆ ೪೨೨ ಎಂದು ಆರಂಭವಾಗುವುದು. ಉಳಿಯುವುದು ಒಂದೇ: ಅಂತರರಾಷ್ಟ್ರೀಯ ನೌಕಾ ಸಂಸ್ಥೆಯ ಏಳು ಅಂಕಿಗಳ ಸಂಖ್ಯೆ. ಇದನ್ನು ಐ.ಎಂ.ಓ. ಸಂಖ್ಯೆ ಎನ್ನುತ್ತಾರೆ. ೧೯೮೭ರಲ್ಲಿ ಅಂಗೀಕೃತವಾಗಿ ೧೯೯೬ರಿಂದ ಕಡ್ಡಾಯವಾದ ಈ ಸಂಖ್ಯೆಯು ಹಡಗಿನ ಒಡಲಿಗೆ ಅಂಟಿದ್ದು. ಒಡೆಯ ಬದಲಾದರೂ ಹೆಸರು ಬದಲಾದರೂ ಬಾವುಟ ಬದಲಾದರೂ ಹಡಗನ್ನು ಒಡೆಯುವ ದಿನದವರೆಗೆ ಅದು ಬದಲಾಗತಕ್ಕದ್ದಲ್ಲ. ಹೊರಗಿನಿಂದ ಕಾಣುವಂತೆ ಅದನ್ನು ಹಡಗಿನ ಮೈಮೇಲೆ ಅಳಿಸಲಾಗದ ರೀತಿಯಲ್ಲಿ ಗುರುತು ಮಾಡಿರಬೇಕೆಂಬ ನಿಯಮವೂ ೨೦೦೪ರಿಂದ ಇದೆ.

ಈ ಸಂಖ್ಯೆಯಲ್ಲಿ ಒಂದು ಸಣ್ಣ ಲೆಕ್ಕವಡಗಿದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ ೭, ೬, ೫, ೪, ೩, ೨ ಇವುಗಳಿಂದ ಗುಣಿಸಿ ಕೂಡಿಸಿದರೆ, ಬಂದ ಮೊತ್ತದ ಬಿಡಿಸ್ಥಾನದ ಅಂಕಿಯೇ ಏಳನೆಯ ಅಂಕಿಯಾಗಿರಬೇಕು. ಉದಾಹರಣೆಗೆ ೮೪೧೪೫೨೦ ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ ೫೬, ೨೪, ೫, ೧೬, ೧೫, ೪ ಸೇರಿ ೧೨೦ ಆಗುತ್ತದೆ. ಕೊನೆಯದು ಸೊನ್ನೆ, ಸರಿಹೋಯಿತು. ಮನಸ್ಸಿಗೆ ಬಂದಂತೆ ಏಳು ಅಂಕಿಗಳನ್ನು ಬರೆದು ಮೋಸ ಮಾಡಹೊರಟವನು ಈ ಲೆಕ್ಕದಲ್ಲಿಯೇ ಬಹುಮಟ್ಟಿಗೆ ಸಿಕ್ಕಿಬೀಳುತ್ತಾನೆ.

ಮೇಲೆ ಹೇಳಿದ ಸಂಖ್ಯೆಯನ್ನು ನಾವು ಸುಮ್ಮನೆ ಆರಿಸಿಕೊಳ್ಳಲಿಲ್ಲ. ಅದು ೧೯೮೯ರ ಮಾರ್ಚಿ ೨೪ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡಿನಲ್ಲಿ ಬಂಡೆಗೆ ತಗಲಿ, ಸುಮಾರು ೩೭,೦೦೦ ಟನ್ ತೈಲವನ್ನು ಕಡಲಿಗೆ ಸುರಿದ ಎಕ್ಸಾನ್ ವಾಲ್ಡೀಜ್ ಎಂಬ ಟ್ಯಾಂಕರಿನ ಸಂಖ್ಯೆ. ಆ ಕುಖ್ಯಾತ ಹೆಸರು ಬೇಡವಾಗಿ ಅದಕ್ಕೆ ಒಂದರ ಮೇಲೊಂದರಂತೆ ಬೇರೆ ಹೆಸರುಗಳು ಬಂದುವು. ಮುಂದೆ ಅದು ಅದಿರು ಹೊರುವ ಹಡಗಾಗಿ ರೂಪವನ್ನೇ ಬದಲಿಸಿತು. ೨೦೧೨ರಲ್ಲಿ ಗುಜರಾತಿನ ಆಲಂಗದಲ್ಲಿ ಒಡೆಯಲ್ಪಡುವುದಕ್ಕಾಗಿ ನಮ್ಮ ದೇಶದ ಕಡಲಿಗೆ ಬಂದಾಗ ಅದರ ಹೆಸರು ಓರಿಯೆಂಟಲ್ ನೈಸಿಟಿ ಎಂದಿತ್ತು. ಆ ನಯವಾದ ಹೆಸರನ್ನು ಕೇಳಿ ಯಾರೂ ಅಲಾಸ್ಕವನ್ನು ನೆನೆಯಲಾರರು. ಆದರೆ ಸಂಖ್ಯೆ ಅದೇ ಆಗಿತ್ತು. ವಿಷಯವು ನಮ್ಮ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಆ ವರ್ಷದ ಜುಲೈ ತಿಂಗಳಲ್ಲಿ ಅನುಮತಿ ದೊರೆತ ಮೇಲೆಯೇ ಹಡಗನ್ನು ಒಡೆಯಲಾಯಿತು.

ಇದು ಸತ್ತ ಹಡಗಿನ ಕಥೆ. ಬದುಕಿರುವ ಹಡಗಿನಲ್ಲಿ ಬದುಕಿರುವ ಜನರಿರುತ್ತಾರೆ. ಅದಕ್ಕೆ ೨೦೧೯ರ ಗ್ರೇಸ್-೧ ಹಡಗಿನ ಪ್ರಕರಣಕ್ಕಿಂತ ತಕ್ಕ ನಿದರ್ಶನವಿಲ್ಲ. ಅದರ ಸಂಖ್ಯೆ ೯೧೧೬೪೧೨. ೧೯೯೭ರಲ್ಲಿ ನಿರ್ಮಿತವಾದದ್ದು, ಹಿಂದಿನ ಹೆಸರು ಮೆರಿಡಿಯನ್ ಲಯನ್. ಉದ್ದ ಸುಮಾರು ೩೩೦ ಮೀಟರ್, ಹೊರುವ ಶಕ್ತಿ ಸುಮಾರು ೩ ಲಕ್ಷ ಟನ್. ಒಂದು ಪೀಪಾಯಿಗೆ ೧೫೯ ಲೀಟರಿನಂತೆ ೨೧ ಲಕ್ಷ ಪೀಪಾಯಿ ತೈಲವನ್ನು, ಎಂದರೆ ೩೩ ಕೋಟಿ ಲೀಟರಿಗೂ ಮಿಕ್ಕು, ಅದು ಹೊತ್ತಿತ್ತು. ಈ ಗಾತ್ರದ ಹಡಗು ಪೂರ್ಣಭಾರದಲ್ಲಿ ಸುಮಾರು ೨೨ ಮೀಟರ್ ಆಳ ಮುಳುಗುತ್ತದೆ; ಸೂಯೆಜ್ ಕಾಲುವೆಯೋ ೨೦ ಮೀಟರಿಗೆ ತುಸು ಮಿಕ್ಕಿದಷ್ಟನ್ನು ಮಾತ್ರ ತಾಳಬಲ್ಲದು. ಆದಕಾರಣ ಅದು ಪರ್ಷಿಯಾ ಕೊಲ್ಲಿಯಿಂದ ಹೊರಟು ಆಫ್ರಿಕಾ ಖಂಡವನ್ನೇ ಸುತ್ತಿ ಮೆಡಿಟರೇನಿಯನ್ ಸಮುದ್ರದ ಬಾಗಿಲಿಗೆ ಬಂತು. ತೈಲವು ಇರಾಕದ ಬಸ್ರಾದ್ದೆಂದು ಕಾಗದಪತ್ರಗಳು ಹೇಳುತ್ತಿದ್ದುವು. ಆದರೆ ಆ ಕಾಲದಲ್ಲಿ ಅದರ ಗುರುತುಯಂತ್ರವು ಆರಿಸಲ್ಪಟ್ಟಿದ್ದು, ಆಮೇಲೆ ಅದು ಪೂರ್ಣಭಾರದೊಡನೆ ಇರಾನಿನ ತೀರದ ಬಳಿಯಲ್ಲಿ ಕಾಣಿಸಿಕೊಂಡಿತೆಂದು ಆಗಲೇ ವರದಿಗಳು ಬಂದಿದ್ದುವು.

೨೦೧೯ರ ಜುಲೈ ೪ರಂದು ಬ್ರಿಟನ್ನಿನ ನೌಕಾ ಸೈನಿಕರು ಜಿಬ್ರಾಲ್ಟರಿನ ಬಳಿ ಈ ಹಡಗನ್ನು ಹತ್ತಿ ವಶಪಡಿಸಿಕೊಂಡರು. ಯುರೋಪಿನ ನಿರ್ಬಂಧಕ್ಕೆ ವಿರೋಧವಾಗಿ ಸಿರಿಯಾ ದೇಶಕ್ಕೆ ತೈಲ ಒಯ್ಯುತ್ತಿತ್ತೆಂಬುದು ಆಪಾದನೆ. ಅದರ ಮೇಲೆ ಹಾರುತ್ತಿದ್ದುದು ಪನಾಮಾದ ಬಾವುಟವೆಂದು ಜನ ತಿಳಿದಿದ್ದರು. ಮೇ ೨೯ರಂದೇ ತಮ್ಮ ಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದೇವೆಂದು ಪನಾಮಾದವರು ಕೈತೊಳೆದುಕೊಂಡರು. ಹಡಗಿನಲ್ಲಿದ್ದ ೨೮ ಮಂದಿಯಲ್ಲಿ ೨೪ ಮಂದಿ ಭಾರತೀಯರು. ಕಪ್ತಾನನೂ ಸೇರಿ ನಾಲ್ವರು ಭಾರತೀಯ ಅಧಿಕಾರಿಗಳನ್ನು ಜಿಬ್ರಾಲ್ಟರಿನ ಪೊಲೀಸರು ದಸ್ತಗಿರಿ ಮಾಡಿದರು. ತೈಲ ಅವರದಲ್ಲ, ಹಡಗು ಅವರದಲ್ಲ, ಲಾಭ ಅವರದಲ್ಲ. ದಸ್ತಗಿರಿ ಮಾತ್ರ ಅವರದಾಯಿತು. ಕೊನೆಗೆ ಯಾವ ವಿಚಾರಣೆಯೂ ನಡೆಯದೆ ಅವರ ಬಿಡುಗಡೆಯಾಯಿತೆಂಬುದು ಬೇರೆ ಮಾತು.

ಎರಡು ಕೋಣಗಳು ಕಾದಾಡುವಲ್ಲಿ ನಡುವಣ ಗಿಡಕ್ಕೆ ಸಾವು ಎಂಬ ಹಳೆಯ ಮಾತಿನಂತೆ, ಅದೇ ಜುಲೈ ೧೯ರಂದು ಇರಾನಿನವರು ಹೋರ್ಮುಜ್ ಜಲಸಂಧಿಯಲ್ಲಿ ಬ್ರಿಟಿಷ್ ಬಾವುಟದ ಸ್ಟೆನಾ ಇಂಪೆರೋ ಎಂಬ ಟ್ಯಾಂಕರನ್ನು ಹಿಡಿದರು. ಅದರಲ್ಲಿದ್ದ ೨೩ ಮಂದಿಯಲ್ಲಿ ೧೮ ಮಂದಿ ಮತ್ತೆ ನಮ್ಮವರೇ. ಜಗಳ ಲಂಡನ್ನಿಗೂ ತೆಹರಾನಿಗೂ; ಎರಡು ಕಡೆಯ ಒತ್ತೆಯಲ್ಲಿ ಸಿಕ್ಕವರು ೪೨ ಮಂದಿ ಭಾರತೀಯರು. ಕೆಲವರು ಮಾತ್ರ ಮೊದಲೇ ಬಿಡುಗಡೆ ಹೊಂದಿದರು. ಹಡಗು ಬಂದರ್ ಅಬ್ಬಾಸಿನಿಂದ ಹೊರಟದ್ದು ಸೆಪ್ಟೆಂಬರ್ ೨೭ರಂದು.

ಗ್ರೇಸ್-೧ರ ಮುಂದಿನ ಸಂಗತಿಯೂ ಕೇಳತಕ್ಕದ್ದೇ. ಆಗಸ್ಟ್ ೧೫ರಂದು ಜಿಬ್ರಾಲ್ಟರಿನವರು ಅದನ್ನು ಬಿಟ್ಟರು. ಸಿರಿಯಾಕ್ಕೆ ಹೋಗುವುದಿಲ್ಲವೆಂಬ ಆಶ್ವಾಸನೆ ತಮಗೆ ದೊರೆತಿದೆಯೆಂದು ಅವರು ಹೇಳಿದರು. ಅಂಥ ಮಾತನ್ನು ತಾವು ಕೊಟ್ಟಿಲ್ಲವೆಂದು ಇರಾನಿನವರು ಹೇಳಿದರು. ಮೂರು ದಿನಗಳ ಮೇಲೆ ಹೊರಟಾಗ ಅದರ ಹೆಸರು ಆಡ್ರಿಯನ್ ದರ್ಯಾ-೧, ಬಾವುಟ ಇರಾನಿನದು. ಹೋಗುವ ಬಂದರು ಗ್ರೀಸಿನ ಕಲಮಾಟಾ ಎಂದು ಯಂತ್ರ ಸಾರಿತು. ಆದರೆ ಈ ಗಾತ್ರದ ತುಂಬಿದ ಹಡಗನ್ನು ಗ್ರೀಸಿನ ಯಾವ ಬಂದರಿಗೂ ತರಲಾಗದೆಂದು ಆ ದೇಶದ ಉಪಮಂತ್ರಿಗಳೇ ತಿಳಿಸಿದರು. ನಮ್ಮ ವಾಚಕರು ಇದನ್ನು ನೆನಪಿನಲ್ಲಿಡಬೇಕು: ಬಂದರಿನ ಹೆಸರು ಸುಳ್ಳು ಹೇಳಬಹುದು, ಹಡಗಿನ ಉದ್ದಗಲಗಳು ಸುಳ್ಳು ಹೇಳಲಾರವು. ಅನಂತರ ತುರ್ಕಿಯ ಮರ್ಸಿನ್ ಎಂದಿತು. ಅನಂತರ ಇಸ್ಕೆಂದರೂನ್ ಎಂದಿತು. ಸೆಪ್ಟೆಂಬರ್ ೨ರಂದು ಸೈಪ್ರಸ್ಸಿಗೂ ಸಿರಿಯಾಕ್ಕೂ ನಡುವೆ ಗುರುತೇ ಆರಿಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ? ನಾಲ್ಕು ದಿನಗಳ ಮೇಲೆ ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ಹಡಗು ಸಿರಿಯಾದ ಟಾರ್ಟುಸ್ ಬಂದರಿನ ಸಮೀಪದಲ್ಲಿ ನಿಂತಿರುವುದು ಸ್ಪಷ್ಟವಾಗಿ ಕಂಡಿತು. ತೈಲವು ಸಿರಿಯಾಕ್ಕೇ ಸೇರಿತೆಂದು ಬ್ರಿಟಿಷ್ ಸರಕಾರದವರು ಸೆಪ್ಟೆಂಬರ್ ೧೦ರಂದು ಪ್ರಕಟಿಸಿದರು.

ಈ ನಡುವೆ ಹಡಗಿನ ಅಧಿಕಾರ ವಹಿಸಿಕೊಂಡಿದ್ದ ಹೊಸ ಕಪ್ತಾನರೂ ಭಾರತೀಯರೇ. ಅಮೆರಿಕದ ವಿದೇಶಾಂಗ ಇಲಾಖೆಯ ಇರಾನ್ ವಿಷಯದ ವಿಶೇಷ ಪ್ರತಿನಿಧಿ ಬ್ರಯಾನ್ ಹುಕ್ ಅವರು, ಹಡಗನ್ನು ತಾವು ಹೇಳಿದಲ್ಲಿಗೆ ಒಯ್ದರೆ ಹಲವು ಮಿಲಿಯ ಡಾಲರು ಕೊಡುವುದಾಗಿ ಅವರಿಗೆ ನೇರವಾಗಿ ಬರೆದರು. ಉತ್ತರ ಬಾರದಿರಲು, ಆಗಸ್ಟ್ ೩೦ರಂದು ಹಡಗಿನೊಡನೆ ಕಪ್ತಾನರನ್ನೂ ಅಮೆರಿಕದ ಖಜಾನೆ ಇಲಾಖೆಯು ನಿರ್ಬಂಧದ ಪಟ್ಟಿಗೆ ಸೇರಿಸಿತು. ಹಡಗು ನಾಳೆ ಮತ್ತೊಂದು ಹೆಸರಿಟ್ಟುಕೊಂಡು ತೇಲಬಹುದು. ಮಾಲೀಕನು ಮತ್ತೊಂದು ಕಂಪೆನಿಯ ಮರೆಗೆ ಸರಿಯಬಹುದು. ಪಟ್ಟಿಗೆ ಸೇರಿದ ನಾವಿಕನು ತನ್ನ ತಂದೆತಾಯಿ ಇಟ್ಟ ಹೆಸರನ್ನು ಯಾವ ಬಣ್ಣದಿಂದ ಅಳಿಸಿಯಾನು? ಈ ಲೇಖನದ ತಿರುಳೇ ಈ ಪ್ರಶ್ನೆಯಲ್ಲಿದೆ.

ಇದು ಮುಗಿದುಹೋದ ಹಳೆಯ ಕಥೆಯೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ೨೦೨೨ರಲ್ಲಿ ಯುಕ್ರೇನ್ ಯುದ್ಧ ಆರಂಭವಾಗಿ ರಷ್ಯಾದ ತೈಲದ ಮೇಲೆ ನಿರ್ಬಂಧಗಳು ಬಂದ ಮೇಲೆ ಇಂಥ ಮುದಿ ಟ್ಯಾಂಕರುಗಳ ವ್ಯಾಪಾರ ಬಹುವಾಗಿ ಬೆಳೆಯಿತು. ಇವಕ್ಕೆ ನೆರಳು ನೌಕಾದಳವೆಂದೇ ಹೆಸರು ಬಿದ್ದಿದೆ. ೨೦೨೩ರ ಮೇ ೧ರಂದು ಮಲೇಶಿಯಾದ ಕಡಲಿನಲ್ಲಿ ಗಬೋನ್ ಬಾವುಟದ ಪಾಬ್ಲೋ ಎಂಬ ಟ್ಯಾಂಕರು ಸಿಡಿದು ಹೊತ್ತಿ ಉರಿಯಿತು. ಅದೂ ೧೯೯೭ರ ಹಡಗು. ೨೮ ಮಂದಿಯಲ್ಲಿ ಮೂವರು ಸಿಕ್ಕಲಿಲ್ಲ. ಹಡಗು ಬರಿದಾಗಿದ್ದುದರಿಂದ ಆ ಕರಾವಳಿ ಉಳಿಯಿತು. ತುಂಬಿದ್ದರೆ ಏನಾಗುತ್ತಿತ್ತೆಂಬುದನ್ನು ಅಲಾಸ್ಕದವರನ್ನು ಕೇಳಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ನೌಕಾ ಸಂಸ್ಥೆಯ ಮಹಾಸಭೆಯು ಇಂಥ ಹಡಗುಗಳನ್ನು ತಡೆಯಬೇಕೆಂದು ಎಲ್ಲ ದೇಶಗಳಿಗೂ ಕರೆಕೊಟ್ಟು ನಿರ್ಣಯ ಮಾಡಿತು. ನಿರ್ಣಯವೇನೋ ಉತ್ತಮ, ನಿರ್ಣಯದಿಂದ ಹಡಗು ನಿಲ್ಲುವುದಿಲ್ಲ. ಇನ್ನು ಸಂಬಳವಿಲ್ಲದೆ, ಆಹಾರವಿಲ್ಲದೆ, ಮಾಲೀಕರಿಂದ ಕೈಬಿಡಲ್ಪಟ್ಟ ನಾವಿಕರ ಲೆಕ್ಕವನ್ನು ನೋಡಿದರೆ, ೨೦೨೪ರಲ್ಲಿ ೩೦೦ಕ್ಕೂ ಹೆಚ್ಚು ಹಡಗುಗಳಲ್ಲಿ ೩ ಸಾವಿರಕ್ಕೂ ಮಿಕ್ಕ ಮಂದಿ ಹೀಗೆ ಸಿಲುಕಿದ್ದರೆಂದು ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವು ಪ್ರಕಟಿಸಿದೆ. ಅವರಲ್ಲಿ ಯಾವ ದೇಶದವರು ಎಲ್ಲರಿಗಿಂತ ಹೆಚ್ಚೆಂದು ಹೇಳಬೇಕೆ? ನಮ್ಮ ದೇಶದವರೇ.

ನಮ್ಮ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಪ್ರಬಲ ರಾಷ್ಟ್ರಗಳು ತಮ್ಮ ತಮ್ಮ ರಾಜಕೀಯಕ್ಕಾಗಿ ಹಾಕುವ ನಿರ್ಬಂಧಗಳೆಲ್ಲವೂ ಧರ್ಮಶಾಸ್ತ್ರವೆಂದು ನಾವು ಒಪ್ಪುವವರಲ್ಲ. ಬಡವರ ಒಲೆಗೂ ರೈತರ ಪಂಪಿಗೂ ಎಣ್ಣೆ ಎಲ್ಲಿ ಸುಲಭ ಬೆಲೆಗೆ ದೊರೆಯುವುದೋ ಅಲ್ಲಿ ಕೊಳ್ಳುವ ಅಧಿಕಾರ ಸ್ವತಂತ್ರ ದೇಶಕ್ಕೆ ಇದ್ದೇ ಇದೆ. ಗ್ರೇಸ್-೧ರ ವಿಷಯದಲ್ಲಿ ಬ್ರಿಟನ್ ಸರಿಯೋ ಇರಾನ್ ಸರಿಯೋ ಎಂಬ ತೀರ್ಪನ್ನೂ ನಾವು ಕೊಡಹೊರಟಿಲ್ಲ. ಆದರೆ ಎಣ್ಣೆಯನ್ನು ಕೊಳ್ಳುವುದು ಒಂದು, ಯಾರದೆಂದು ತಿಳಿಯದ ಹಡಗಿನಲ್ಲಿ ನಮ್ಮ ಹುಡುಗರನ್ನು ಕಳುಹಿಸುವುದು ಮತ್ತೊಂದು. ಬಹಿರಂಗವಾಗಿ ಕೊಂಡ ಎಣ್ಣೆಯು ಬಹಿರಂಗವಾದ ಹಡಗಿನಲ್ಲಿ, ವಿಮೆಯುಳ್ಳ ಹಡಗಿನಲ್ಲಿ, ಗುರುತನ್ನು ಆರಿಸದ ಹಡಗಿನಲ್ಲಿ ಬರಲಿ ಎಂಬುದಷ್ಟೇ ನಮ್ಮ ವಾದ. ಎರಡು ಸಾವಿರ ಟನ್ನಿಗಿಂತ ಹೆಚ್ಚು ತೈಲ ಹೊರುವ ಹಡಗಿಗೆ ಮಾಲಿನ್ಯದ ಹಾನಿಗಾಗಿ ವಿಮೆಯ ಪ್ರಮಾಣಪತ್ರ ಇರಲೇಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ ಸೇರಿದೆ. ನಮ್ಮ ಕರಾವಳಿಯ ಮೀನುಗಾರರ ಬಲೆಗೆ ಎಣ್ಣೆ ಹತ್ತಿದ ದಿನ ಪರಿಹಾರಕ್ಕೆ ಯಾರ ಬಾಗಿಲು ತಟ್ಟಬೇಕೆಂಬುದು ಮೊದಲೇ ಗೊತ್ತಿರಬೇಡವೇ?

ಮುಂಬಯಿಯಲ್ಲಿರುವ ಹಡಗುಗಾರಿಕೆಯ ಮಹಾನಿರ್ದೇಶಕರ ಕಚೇರಿಯು ನಾವಿಕರನ್ನು ಕೆಲಸಕ್ಕೆ ಕಳುಹಿಸುವ ಏಜಂಟರಿಗೆ ಪರವಾನಗಿ ಕೊಡುವ ಅಧಿಕಾರವನ್ನು ಹೊಂದಿದೆ. ಪರವಾನಗಿಯಿಲ್ಲದ ದಲ್ಲಾಳಿಗಳ ವಿಷಯದಲ್ಲಿ ಎಚ್ಚರಿಕೆಗಳನ್ನೂ ಅದು ಕೊಡುತ್ತಿದೆ. ಅಷ್ಟರಿಂದ ಸಾಲದು. ನಾವಿಕನು ಮನೆ ಬಿಡುವುದಕ್ಕೆ ಮುಂಚೆಯೇ ಅವನ ಕೈಗೆ ಹಡಗಿನ ಐ.ಎಂ.ಓ. ಸಂಖ್ಯೆ, ಕಟ್ಟಿದ ವರ್ಷ, ಇಂದಿನ ಬಾವುಟ, ಹಿಂದಿನ ಹೆಸರುಗಳು, ವಿಮೆ ಕೊಟ್ಟವರ ಹೆಸರು ಇಷ್ಟನ್ನೂ ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಆ ಸಂಖ್ಯೆಯ ಹಡಗು ಯಾವ ದೇಶದ ನಿರ್ಬಂಧದ ಪಟ್ಟಿಯಲ್ಲಾದರೂ ಇದ್ದರೆ ಅದನ್ನು ಮರೆಮಾಚದೆ ತಿಳಿಸಬೇಕು. ಹಡಗು ತನ್ನ ಗುರುತನ್ನು ಅಕಾರಣವಾಗಿ ಆರಿಸಿದ ಸಮಾಚಾರ ಬಂದಾಗ ಮನೆಯವರು ಕೇಳುವುದಕ್ಕೂ, ಅವರಿಗೆ ಉತ್ತರ ಹೇಳುವುದಕ್ಕೂ ಕರಾವಳಿಯ ಪ್ರತಿಯೊಂದು ಜಿಲ್ಲೆಯಲ್ಲಿ ಒಂದು ಮೇಜು, ಒಬ್ಬ ಗುಮಾಸ್ತ ಇರಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಒಂದು ಸುತ್ತೋಲೆ ಸಾಕು, ಅದನ್ನು ನಡೆಸುವ ಮನಸ್ಸು ಬೇಕು.

ಅಧಿಕಾರಿಗಳಿಗೆ ಹೇಳಿದ ಮೇಲೆ ನಮ್ಮ ಜನರಿಗೂ ಒಂದು ಮಾತು ಹೇಳಬೇಕಾಗಿದೆ. ಮಗನಿಗೆ ಹಡಗಿನಲ್ಲಿ ಕೆಲಸವಾಯಿತೆಂದು ಬಂಧುಗಳಿಗೆ ತಿಳಿಸುವ ಸಂಭ್ರಮದಲ್ಲಿ ಯಾವ ಹಡಗು ಎಂದು ಕೇಳುವವರು ವಿರಳ. ಕೇಳಿದರೂ ಹೆಸರನ್ನು ಕೇಳಿ ಸುಮ್ಮನಾಗುತ್ತಾರೆ. ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುವ ನಾವು, ಮಗನನ್ನು ಒಂಬತ್ತು ತಿಂಗಳು ಒಪ್ಪಿಸಿಬಿಡುವ ಹಡಗಿನ ಹಿಂದಿನ ಹೆಸರುಗಳನ್ನು ವಿಚಾರಿಸುವುದಿಲ್ಲವೆಂದರೆ ಅದು ವಿವೇಕವೇ? ಏಳು ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಉಪಾಧ್ಯಾಯರು ಕಳೆದ ವಾರ ಮತ್ತೆ ಕಚೇರಿಗೆ ಬಂದಿದ್ದರು. ಮಗನ ಹಡಗಿನ ಹೆಸರು ಬದಲಾಗಿಲ್ಲ, ಬಾವುಟವೂ ಬದಲಾಗಿಲ್ಲ, ಸಂಖ್ಯೆಯ ಲೆಕ್ಕವೂ ಸರಿಬರುತ್ತದೆಂದು ತಮ್ಮ ಟಿಪ್ಪಣಿ ಪುಸ್ತಕವನ್ನು ನಮಗೆ ತೋರಿಸಿದರು. ಒಬ್ಬ ತಂದೆಯು ತನ್ನ ಮಗನಿಗಾಗಿ ಮಾಡಿದ ಈ ಕೆಲಸವನ್ನು ಸರಕಾರದವರು ಎಲ್ಲ ನಾವಿಕರಿಗಾಗಿ ಮಾಡತಕ್ಕದ್ದು. ಅದನ್ನು ಮಾಡುವುದು ಎಂದು?